ಮೇಳದ ಲಾರಿಗೆ ಕಿಟಕಿ: ಸಿಲಿಕಾನಾ, ಪಿಯುವಾ?

ಗೆಜ್ಜೆಪೆಟ್ಟಿಗೆ, ಉಡುಪಿ:
ನಮ್ಮ ಯಕ್ಷಗಾನ ಮೇಳದ ವೇಷದ ಪೆಟ್ಟಿಗೆ ಸಾಗಿಸುವ ಲಾರಿ ಪತ್ತನಾಜೆ (ಊರೂರು ಸುತ್ತಿ ಆಟ ಆಡುವ ತಿರುಗಾಟ ಮುಗಿಯುವ ದಿನ) ಕಳೆದ ಮೇಲೆ ಶೆಡ್ಡಿನಲ್ಲಿ ನಿಂತಿದೆ. ಮುಂದಿನ ತಿರುಗಾಟ ಶುರುವಾಗುವ ಮೊದಲು ಲಾರಿಯ ಬಾಡಿಯಲ್ಲಿ ಎರಡು ಕಿಟಕಿ ಕೂರಿಸಬೇಕು. ಬಾಡಿ ಪೂರ್ತಿ ಮುಚ್ಚಿದ್ದು, ಉಕ್ಕಿನ ತಗಡು. ಬೆಳಗಿನ ಜಾವ ಆಟ ಮುಗಿದ ಮೇಲೆ ಬೆವರಿನಲ್ಲಿ ನೆಂದ ಬಟ್ಟೆ ಹಾಗೇ ಒಳಗೆ ಹೋಗುತ್ತದೆ, ಗಾಳಿ ಇಲ್ಲ, ಬೂಸ್ಟು ಬರುತ್ತದೆ, ಕಿರೀಟದ ಬೇಗಡೆ ಹಾಳಾಗುತ್ತದೆ. ತಂದಿರುವ ಕಿಟಕಿ ಅಲ್ಯೂಮಿನಿಯಂ ಫ್ರೇಮಿನದ್ದು, ಸರಿಸುವ ಗಾಜು, ಮೂರಡಿ ಅಗಲ. ಹಾರ್ಡ್‌ವೇರ್ ಅಂಗಡಿಯವರು ಸಿಲಿಕಾನ್ ಸಾಕು ಎಂದರು. ಗ್ಯಾರೇಜಿನವರು ಮುಂದಿನ ಗಾಜು ಅಂಟಿಸುವ ಪಿಯು, ಅಂದರೆ ಪಾಲಿಯುರಿಥೇನ್ ಅಂಟು ಹಾಕಿ ಎಂದರು. ಯಾವುದನ್ನು ನಂಬುವುದು?

ಸುರತ್ಕಲ್ ಗಾಜಿನವ:
ಸಿಲಿಕಾನ್ ಬೇಡವೇ ಬೇಡ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವುದು ಹೆಚ್ಚಾಗಿ ವಿನೆಗರ್ ವಾಸನೆ ಬರುವ ಜಾತಿ. ಅದು ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ, ಬರಿಯ ಉಕ್ಕಿನ ಮೇಲೆ ಬಿದ್ದರೆ ತುಕ್ಕು ಅಲ್ಲಿಂದಲೇ ಶುರು. ನಮ್ಮ ಉಪ್ಪುಗಾಳಿಯಲ್ಲಿ ತುಕ್ಕಿಗೆ ಬೇರೆ ಸಹಾಯ ಬೇಕಾ? ಇನ್ನೊಂದು ತೊಂದರೆ, ಸಿಲಿಕಾನ್ ತಾಗಿದ ಜಾಗಕ್ಕೆ ಆಮೇಲೆ ಪೇಂಟೂ ಹಿಡಿಯುವುದಿಲ್ಲ, ಪಿಯುವೂ ಹಿಡಿಯುವುದಿಲ್ಲ. ಒಮ್ಮೆ ಹಾಕಿದರೆ ಮುಂದೆ ರಿಪೇರಿ ಮಾಡುವವನಿಗೆ ದೊಡ್ಡ ಕೆಲಸ. ಪಿಯು ಹಾಕಿ, ಸಿಕಾಫ್ಲೆಕ್ಸ್ 252 ಥರದ್ದು, ಬಸ್ಸಿನ ಬಾಡಿಗೆಲ್ಲ ಅದನ್ನೇ ಬಳಸುತ್ತಾರೆ.

ಯೆಯ್ಯಾಡಿಯ ವೆಲ್ಡರ್:
ಎಲ್ಲ ಸಿಲಿಕಾನ್ ಒಂದೇ ಅಲ್ಲ ಮಾರಾಯ್ರೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದು ಆಸಿಡ್ ಬಿಡುವುದಿಲ್ಲ. ಬಿಸಿಲಿಗೆ ಪಿಯುಗಿಂತ ಅದೇ ಜಾಸ್ತಿ ತಡೆಯುತ್ತದೆ. ದೊಡ್ಡ ಕಟ್ಟಡಗಳ ಹೊರಗಾಜು ನಿಂತಿರುವುದೇ ಸಿಲಿಕಾನಿನ ಮೇಲೆ ಅಲ್ವಾ? ಇಲ್ಲಿ ಕಿಟಕಿಗೆ ಫ್ರೇಮ್ ಉಂಟು, ಸ್ಕ್ರೂ ಬೀಳುತ್ತದೆ, ಅಂಟು ಭಾರ ಹೊರಬೇಕಾಗಿಲ್ಲ. ನೀರು ತಡೆದರೆ ಆಯಿತು.

ಸುರತ್ಕಲ್ ಗಾಜಿನವ:
ಕಟ್ಟಡ ಒಂದೇ ಕಡೆ ನಿಲ್ಲುತ್ತದೆ. ಮೇಳದ ಲಾರಿ ಕೊಯ್ಲು ಮುಗಿದ ಗದ್ದೆಗೆ ಇಳಿಯುತ್ತದೆ. ಒಂದು ಚಕ್ರ ಹುಣಿಯ (ಗದ್ದೆಯ ಬದುವಿನ) ಮೇಲೆ, ಇನ್ನೊಂದು ಕೆಳಗೆ ಇದ್ದಾಗ ಚಾಸಿಯ ಜೊತೆ ಬಾಡಿಯೂ ತಿರುಚಿಕೊಳ್ಳುತ್ತದೆ, ಚೌಕ ರಂಧ್ರ ಆ ಹೊತ್ತಿಗೆ ಚೌಕವಾಗಿ ಉಳಿಯುವುದಿಲ್ಲ. ಸಿಲಿಕಾನ್ ಹಿಗ್ಗುತ್ತದೆ, ಒಪ್ಪಿದೆ, ಆದರೆ ಎಳೆದರೆ ಬೇಗ ಹರಿಯುತ್ತದೆ. ಪಿಯು ಅಷ್ಟು ಸುಲಭದಲ್ಲಿ ಹರಿಯುವುದಿಲ್ಲ.

ಘಾಟಿ ಡ್ರೈವರ್:
ಇಷ್ಟೆಲ್ಲ ಅಂಟು ಯಾಕೆ? ಹಳೇ ಲಾರಿಗಳ ಮುಂದಿನ ಗಾಜಿಗೆ ಅಂಟೇ ಇರಲಿಲ್ಲ. ಸುತ್ತ ರಬ್ಬರ್ ಬೀಡಿಂಗ್, ಅದರ ಒಂದು ಸೀಳಿನಲ್ಲಿ ತಗಡು, ಇನ್ನೊಂದರಲ್ಲಿ ಗಾಜು. ಒಡೆದರೆ ದಾರಿಬದಿಯಲ್ಲೇ ಬದಲಾಯಿಸಬಹುದು. ಶಿರಾಡಿ ಘಾಟಿಯಲ್ಲಿ ಎಷ್ಟು ಕುಲುಕಿದರೂ ರಬ್ಬರ್ ತಾಳಿಕೊಳ್ಳುತ್ತದೆ.

ಮಲ್ಪೆ ಬೋಟ್ ಕೆಲಸ:
ಬೀಡಿಂಗ್ ಒಳ್ಳೆಯದೇ, ಆದರೆ ಅದು ಬರಿಗಾಜಿಗೆ. ಇವರದ್ದು ಫ್ರೇಮ್ ಇರುವ ಸರಿಸುವ ಕಿಟಕಿ. ಮೊದಲು ಅದನ್ನು ಬೇರೆ ಮಾಡಿ ನೋಡಿ. ಬರಿಗಾಜನ್ನು ತಗಡಿಗೆ ನೇರ ಅಂಟಿಸುವುದಾದರೆ ಅಂಟೇ ಎಲ್ಲ ಭಾರ ಹೊರಬೇಕು, ಅಲ್ಲಿ ಗಟ್ಟಿ ಪಿಯು ಬೇಕು, ಅಂಚಿಗೆ ಕಪ್ಪು ಪ್ರೈಮರ್ ಬೇಕು, ಇಲ್ಲವಾದರೆ ಗಾಜಿನೊಳಗಿಂದ ಬಿಸಿಲು ತಾಗಿ ಅಂಟಿನ ಹಿಡಿತ ಬಿಡುತ್ತದೆ. ಫ್ರೇಮ್ ಇದ್ದರೆ ಹಿಡಿದುಕೊಳ್ಳುವುದು ಸ್ಕ್ರೂ ಅಥವಾ ಒಳಗಿನ ರಿಂಗ್. ಅದಕ್ಕೆ 252 ಹಾಕಿದರೆ ನಾಳೆ ಗಾಜಿನ ಹಳಿ ಸವೆದಾಗ ಫ್ರೇಮ್ ತೆಗೆಯುವುದು ಹೇಗೆ? ತಗಡು ಡೊಂಕಾಗುತ್ತದೆ. ಬೋಟಿನಲ್ಲಿ 3ಎಂ 5200 ಎಂಬ ಗಟ್ಟಿ ಪಿಯು ಹಾಕಿದ ಫಿಟಿಂಗ್ ಬಿಚ್ಚುವ ಕಷ್ಟ ನಮಗೆ ಗೊತ್ತು. ಇಲ್ಲಿಗೆ ಬ್ಯೂಟೈಲ್ ಟೇಪ್, ಅಂದರೆ ಅಂಟಂಟು ರಬ್ಬರಿನ ಪಟ್ಟಿ ಸಾಕು. ಅದು ಪೂರ್ತಿ ಒಣಗುವುದೇ ಇಲ್ಲ, ಹಿಟ್ಟಿನ ಹಾಗೆ ಮೆತ್ತಗೆ ಉಳಿಯುತ್ತದೆ.

ಸುರತ್ಕಲ್ ಗಾಜಿನವ:
ಗಟ್ಟಿ ಪಿಯು ಜಾಸ್ತಿಯಾಯಿತು ಎನ್ನುವುದಾದರೆ ಸಿಕಾಫ್ಲೆಕ್ಸ್ 221 ತೆಗೆದುಕೊಳ್ಳಿ, ಅದೂ ಪಿಯುವೇ, ಆದರೆ ಸೀಲೆಂಟ್ ಜಾತಿ, ಸಂದು ಮುಚ್ಚಲಿಕ್ಕೆ ಇರುವುದು. ಚಾಕು ಹಾಕಿ ಕೊಯ್ದು ತೆಗೆಯಬಹುದು. ಬ್ಯೂಟೈಲ್ ನಮ್ಮ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಹೊರಗೆ ಹಿಂಡಿಕೊಂಡು ಬರುತ್ತದೆ, ಅದರ ಮೇಲೆ ಗದ್ದೆಯ ಧೂಳು ಕೂರುತ್ತದೆ.

ಮಲ್ಪೆ ಬೋಟ್ ಕೆಲಸ:
ಹೊರಗೆ ಬಂದದ್ದನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆದು ತೆಗೆದರಾಯಿತು, ಒಳಗಿದ್ದದ್ದು ಕೆಲಸ ಮಾಡುತ್ತಲೇ ಇರುತ್ತದೆ. ಆದರೂ 221ಕ್ಕೆ ನನ್ನ ವಿರೋಧವಿಲ್ಲ. ನಾನು ಕೇಳುವುದು ಒಂದೇ, ಎಂಟು ಹತ್ತು ವರ್ಷದ ಮೇಲೆ ಬಿಚ್ಚಲಿಕ್ಕೆ ಆಗಬೇಕು.

ಗೆಜ್ಜೆಪೆಟ್ಟಿಗೆ, ಉಡುಪಿ:
ಒಬ್ಬರು ಅಲ್ಯೂಮಿನಿಯಂ ಬೇಡ, ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಹಾಳೆ ನೇರ ಅಂಟಿಸಿ, ಹಗುರ ಎಂದರು. ಅದು ಆಗುತ್ತದಾ? ಎಂ-ಸೀಲ್ ತುಂಬಿಸಿದರೆ ಎಂದೂ ಇನ್ನೊಬ್ಬರು ಕೇಳಿದರು.

ಯೆಯ್ಯಾಡಿಯ ವೆಲ್ಡರ್:
ಎಂ-ಸೀಲ್ ಎಪಾಕ್ಸಿ. ಕಲ್ಲಿನಂತೆ ಗಟ್ಟಿಯಾಗುತ್ತದೆ, ಕುಲುಕಾಟಕ್ಕೆ ಬಿರುಕು ಬಿಡುತ್ತದೆ. ಪೈಪಿಗೆ ಸರಿ, ಕಿಟಕಿಗೆ ಅಲ್ಲ. ಅಕ್ರಿಲಿಕ್ ಲೆಕ್ಕ ಹಾಕಿ ನೋಡಿ. ಮೂರಡಿ ಹಾಳೆ, ಬೆಳಗ್ಗೆಗೂ ಮಧ್ಯಾಹ್ನಕ್ಕೂ 30 ಡಿಗ್ರಿ ವ್ಯತ್ಯಾಸವಾದರೆ ಅದು ಉಕ್ಕಿಗಿಂತ ಸುಮಾರು ಒಂದೂವರೆ ಮಿಲಿಮೀಟರ್ ಜಾಸ್ತಿ ಹಿಗ್ಗುತ್ತದೆ. ಅಲ್ಯೂಮಿನಿಯಂ ಹಿಗ್ಗುವುದು ಉಕ್ಕಿನ ಎರಡರಷ್ಟು, ಆದರೂ ಇಷ್ಟೇ ಉದ್ದಕ್ಕೆ ವ್ಯತ್ಯಾಸ ಬರುವುದು ಕಾಲು ಮಿಲಿಮೀಟರ್ ಚಿಲ್ಲರೆ. ತೆಳ್ಳಗೆ ಅಂಟು ಹಚ್ಚಿದ ಅಕ್ರಿಲಿಕ್ ಬಿಟ್ಟುಕೊಳ್ಳುವುದು ಇದಕ್ಕೇ. ಅದನ್ನು ಥಿನ್ನರ್ ಹಾಕಿ ಒರೆಸಿದರೆ ಸಣ್ಣ ಸಣ್ಣ ಬಿರುಕೂ ಬರುತ್ತದೆ. ಫ್ರೇಮಿನ ಕಿಟಕಿಯನ್ನೇ ಇಟ್ಟುಕೊಳ್ಳಿ. ಗಾಜು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಆಗಿರಲಿ, ಅದರ ಮೂಲೆಯಲ್ಲಿ ಸುರಕ್ಷಾ ಗಾಜಿನ ಐಎಸ್ 2553 ಗುರುತು ನೋಡಿ.

ಘಾಟಿ ಡ್ರೈವರ್:
ಈ ಮಳೆಯಲ್ಲಿ ಯಾವ ಅಂಟು ಒಣಗುತ್ತದೆ ಹೇಳಿ? ಅಕ್ಟೋಬರ್‌ವರೆಗೆ ಕಾಯಿರಿ.

ಸುರತ್ಕಲ್ ಗಾಜಿನವ:
ಪಿಯು ಒಣಗುವುದು ಬಿಸಿಲಿಗಲ್ಲ, ಗಾಳಿಯ ತೇವಕ್ಕೆ. ತೇವ ಹೀರಿಕೊಂಡೇ ಗಟ್ಟಿಯಾಗುತ್ತದೆ, ಹೊರಗಿನಿಂದ ಒಳಗೆ, ದಿನಕ್ಕೆ ಅಂದಾಜು ಮೂರು ನಾಲ್ಕು ಮಿಲಿಮೀಟರ್. ಹಾಗಾಗಿ ಮಳೆಗಾಲದಲ್ಲಿ ಬೇಗವೇ ಗಟ್ಟಿಯಾಗುತ್ತದೆ. ತೊಂದರೆ ಬರುವುದು ತಗಡಿನ ಮೇಲೆ ನೀರು ಇದ್ದಾಗ. ಬೆಳಗ್ಗೆ ತಣ್ಣಗಿನ ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ಹನಿ ಕೂತಿರುತ್ತದೆ, ಅದರ ಮೇಲೆ ಹಚ್ಚಿದರೆ ಹಿಡಿತ ಇಲ್ಲ, ಒಳಗೆ ಗುಳ್ಳೆಯೂ ಬರುತ್ತದೆ. ಶೆಡ್ಡಿನೊಳಗೆ, ಮಧ್ಯಾಹ್ನ, ಹಾಟ್ ಏರ್ ಗನ್ ಹಿಡಿದು ತಗಡು ಸ್ವಲ್ಪ ಬೆಚ್ಚಗೆ ಮಾಡಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಅದು ಆರಿದ ಮೇಲೆ ಹಚ್ಚಿ. ಟ್ಯೂಬಿನ ಮೇಲಿನ ತಾರೀಕು ನೋಡಿಯೇ ತೆಗೆದುಕೊಳ್ಳಿ, ಅವಧಿ ಮುಗಿದದ್ದು ಗನ್ನಿನಿಂದ ಹೊರಗೇ ಬರುವುದಿಲ್ಲ.

ಮಲ್ಪೆ ಬೋಟ್ ಕೆಲಸ:
ಸ್ಕ್ರೂ ಪೂರ್ತಿ ಬಿಗಿಯಬೇಡಿ, ಇದು ತುಂಬಾ ಮುಖ್ಯ. ಬಿಗಿದರೆ ಅಂಟೆಲ್ಲ ಹೊರಗೆ ಹಿಂಡಿ ಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಉಕ್ಕು, ಅಲ್ಯೂಮಿನಿಯಂ, ಉಪ್ಪುನೀರು ಮೂರೂ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದು ಹೋಗುತ್ತದೆ. ಎರಡು ಮಿಲಿಮೀಟರ್ ರಬ್ಬರ್ ತುಂಡು ಅಲ್ಲಲ್ಲಿ ಇಟ್ಟು ಅಂತರ ಉಳಿಸಿ. ಸ್ಕ್ರೂ ಸ್ಟೇನ್‌ಲೆಸ್ ಇರಲಿ, ಪ್ರತಿ ತೂತಿಗೂ ಒಂದು ಹನಿ ಸೀಲೆಂಟ್ ಹಾಕಿ.

ಯೆಯ್ಯಾಡಿಯ ವೆಲ್ಡರ್:
ನ್ಯೂಟ್ರಲ್ ಸಿಲಿಕಾನ್ ಬಗ್ಗೆ ನಾನು ಹೇಳಿದ್ದು ಸುಮ್ನೆ ಅಲ್ಲ, ಈಗಲೂ ಹಾಗೇ ಅನ್ನುತ್ತೇನೆ. ಆದರೆ ನಾಳೆ ಬಾಡಿಯ ಮೇಲೆ ಹೊಸ ಪೇಂಟ್ ಹೊಡೆಯುವುದಿದ್ದರೆ 221 ಸರಿ, ಅದರ ಮೇಲೆ ಪೇಂಟ್ ಹೊಡೆಯಬಹುದು.

ಗೆಜ್ಜೆಪೆಟ್ಟಿಗೆ, ಉಡುಪಿ:
ಪೇಂಟ್ ಹೇಗೂ ಉಂಟು, ಮೇಳದ ಹೆಸರು ಹೊಸದಾಗಿ ಬರೆಸಬೇಕು. ಹಾಗಾದರೆ 221, ಮೇಲೆ ಸ್ಟೇನ್‌ಲೆಸ್ ಸ್ಕ್ರೂ. ಆರ್‌ಟಿಓದಲ್ಲಿ ಕೇಳಬೇಕಾ?

ಘಾಟಿ ಡ್ರೈವರ್:
ಕೇಳಿಯೇ ಮಾಡಿ. ಬಾಡಿಯಲ್ಲಿ ಮಾರ್ಪಾಡು ಎಂದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಬರುತ್ತದೆ. ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸುವ ದಿನ ತಕರಾರು ಎದ್ದರೆ ತಿರುಗಾಟ ಶುರುವಾಗುವ ಹೊತ್ತಿಗೆ ಲಾರಿ ಇರುವುದಿಲ್ಲ.

ಯೆಯ್ಯಾಡಿಯ ವೆಲ್ಡರ್:
ಅನುಮತಿ ಸಿಕ್ಕಿದ ಮೇಲೆ ತಗಡು ಕತ್ತರಿಸಲಿಕ್ಕೆ ಗ್ರೈಂಡರ್ ಬೇಡ, ಜಿಗ್‌ಸಾ ಹಿಡಿಯಿರಿ. ಗ್ರೈಂಡರಿನ ಕಿಡಿ ಸುತ್ತಲಿನ ಪೇಂಟಿನಲ್ಲಿ ಸುಟ್ಟು ಕೂತು, ಎರಡೇ ಮಳೆಗೆ ಚುಕ್ಕೆ ಚುಕ್ಕೆ ತುಕ್ಕು ಏಳುತ್ತದೆ. ಮೂಲೆ ಗುಂಡಗೆ ಇರಲಿ, ಚೂಪಾದ ಮೂಲೆಯಿಂದಲೇ ತಗಡು ಸೀಳುವುದು. ಕತ್ತರಿಸಿದ ಅಂಚಿಗೆ ಅದೇ ದಿನ ಜಿಂಕ್ ಪ್ರೈಮರ್ ಹಚ್ಚಿ, ರಾತ್ರಿ ಹಾಗೇ ಬಿಡಬೇಡಿ. ಅದು ಪೂರ್ತಿ ಒಣಗಿದ ಮೇಲೇ ಸೀಲೆಂಟ್.