ಪದ ಬೇಕು (ತುರ್ತು): ‘ವೇನ್ ಆಫ್ ಗೇಲನ್ ಮಾಲ್‌ಫಾರ್ಮೇಶನ್’, ‘ಫಿಸ್ಚುಲಾ’, ‘ಎಂಬೊಲೈಸೇಶನ್’

ಎಸ್.ಕೆ.:

ಎಲ್ಲರಿಗೂ ನಮಸ್ಕಾರ. ವೇನ್ ಆಫ್ ಗೇಲನ್ ಮಾಲ್‌ಫಾರ್ಮೇಶನ್ ಎಂಬ, ಎಳೆಮಕ್ಕಳ ಮಿದುಳಿನ ರಕ್ತನಾಳದ ಕಾಯಿಲೆಯ ಬಗ್ಗೆ ತಂದೆತಾಯಿಯ ಕೈಗೆ ಕೊಡುವ ನಾಲ್ಕು ಪುಟದ ಕಿರುಹೊತ್ತಗೆ ಕನ್ನಡಕ್ಕೆ ಆಗಬೇಕು. ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. ಮೊದಲ ಕರಡಿನಲ್ಲಿ ಮಾಲ್‌ಫಾರ್ಮೇಶನ್‌ಗೆ ‘ವಿಕೃತಿ’, ಫಿಸ್ಚುಲಾಕ್ಕೆ ‘ಭಗಂದರ’, ಎಂಬೊಲೈಸೇಶನ್‌ಗೆ ‘ರಕ್ತನಾಳ ಬ್ಲಾಕ್ ಮಾಡುವುದು’, ಹಾರ್ಟ್ ಫೇಲ್ಯೂರ್‌ಗೆ ‘ಹೃದಯಾಘಾತ’ ಎಂದಿದೆ. ನಾಲ್ಕೂ ಕುತ್ತಿಗೆಗೆ ಬರುವ ಹಾಗಿವೆ. ಓದುವವರು ಹತ್ತನೇ ತರಗತಿ ಮುಗಿಸಿದವರು, ಮಗು ಐಸಿಯುನಲ್ಲಿದೆ ಎಂದಿಟ್ಟುಕೊಂಡು ಹೇಳಿ.

ಜಿ.ಆರ್.:

ಭಗಂದರವನ್ನು ಈಗಲೇ ಹೊಡೆದುಹಾಕಿ. ಅದು ಗುದದ ಪಕ್ಕ ಕೀವು ಸೋರುವ ಹುಣ್ಣು. ಮಗುವಿನ ತಲೆಯಲ್ಲಿ ಭಗಂದರ ಎಂದು ಓದಿದ ಅಪ್ಪ ಏನೆಂದುಕೊಳ್ಳಬೇಕು? ಇಲ್ಲಿ ಕೀವೂ ಇಲ್ಲ, ಹುಣ್ಣೂ ಇಲ್ಲ. ಅಪಧಮನಿಯ (ಹೃದಯದಿಂದ ಹೊರಡುವ ನಾಳದ) ರಕ್ತ ಲೋಮನಾಳಗಳ, ಅಂದರೆ ಕೂದಲೆಳೆಯಂಥ ನಾಳಗಳ, ಜಾಲವನ್ನು ಹಾಯದೆ, ಒತ್ತಡ ಇಳಿಯದೆ, ನೇರವಾಗಿ ಅಭಿಧಮನಿಗೆ (ಹೃದಯಕ್ಕೆ ಮರಳುವ ನಾಳಕ್ಕೆ) ಬೀಳುತ್ತದೆ. ‘ಒಳದಾರಿ’ ಸಾಕು.

ಹೃದಯಾಘಾತವೂ ತಪ್ಪು, ಅದು ಹಾರ್ಟ್ ಅಟ್ಯಾಕ್. ಹೃದಯ ಪಂಪು ಮಾಡಿದ ರಕ್ತದ ದೊಡ್ಡ ಪಾಲು ತಲೆಯ ಒಳದಾರಿ ಹಿಡಿದು ಹಾಗೇ ಮರಳಿ ಬರುತ್ತದೆ. ಮೈಗೆ ಸಾಲದು, ಹೃದಯ ದುಡಿದು ದುಡಿದು ಸೋಲುತ್ತದೆ. ತಾಯಿಗೆ ಕಾಣುವುದನ್ನೇ ಬರೆಯಿರಿ: ಹಾಲು ಕುಡಿಯುವಾಗ ಹಣೆ ಬೆವರುವುದು, ನಾಲ್ಕು ಗುಟುಕಿಗೆ ಸುಸ್ತಾಗಿ ಮೊಲೆ ಬಿಡುವುದು, ಏದುಸಿರು. ಆಮೇಲೆ ‘ಹೃದಯ ವೈಫಲ್ಯ’ ಎಂದು ಒಮ್ಮೆ ಹಾಕಿ. ಡಾಕ್ಟರ ಬಾಯಲ್ಲಿ ಆ ಮಾತು ಬಂದಾಗ ಗುರುತು ಹತ್ತಬೇಕಲ್ಲ.

ವಿ.ಎಚ್.:

‘ವಿಕೃತಿ’ ಬೇಡ, ಒಪ್ಪಿದೆ. ಇವತ್ತಿನ ಪತ್ರಿಕೆಗಳಲ್ಲಿ ವಿಕೃತಿ ಎಂದರೆ ನೀಚತನ. ‘ಅಪರಚನೆ’ ಎನ್ನಿ. ‘ಹುಟ್ಟುದೋಷ’ಕ್ಕಂತೂ ಕೈ ಹಾಕಬೇಡಿ, ದೋಷ ಎಂದ ಕೂಡಲೆ ಮನೆಯವರು ನಾಗದೋಷಕ್ಕೆ ಹೋಗುತ್ತಾರೆ, ಇಲ್ಲವೆ ಗ್ರಹಣದ ದಿನ ಬಸುರಿ ಹೊರಗೆ ಬಂದಳೆಂದು ತಾಯಿಯ ತಲೆಗೆ ಕಟ್ಟುತ್ತಾರೆ.

ಎಂಬೊಲೈಸೇಶನ್‌ಗೆ ಮೂಲಕ್ಕೆ ಹೋಗೋಣ. ಗ್ರೀಕಿನ ‘ಎಂಬೊಲೊಸ್’ ಎಂದರೆ ಒಳಗೆ ತುರುಕಿದ್ದು, ಬೆಣೆ, ಬಿರಡೆ. ‘ಬಿರಡೆ’ಯಷ್ಟು ಒಳ್ಳೆಯ ಪದ ಕೈಯಲ್ಲೇ ಇರುವಾಗ ಬ್ಲಾಕ್ ಏಕೆ? ‘ನಾಳಬಿರಡೆ ಚಿಕಿತ್ಸೆ’. ವೇನ್‌ಗೆ ‘ಸೆರೆ’: ‘ಗಂಟಲ ಸೆರೆ ಉಬ್ಬಿ ಬಂತು’ ಎನ್ನುತ್ತೇವಲ್ಲ, ಅದು ‘ಸಿರಾ’ದ ತದ್ಭವ.

ಬಿ.:

ಮತ್ತೆ ಸಂಸ್ಕ್ರುತ, ಮತ್ತೆ ಗ್ರೀಕು. ಅಪದಮನಿ, ಅಬಿದಮನಿ ಎಂಬ ಅವಳಿಜವಳಿ ಯಾರ ಮನೆಯ ಮಾತು? ಪರೀಕ್ಶೆ ಮುಗಿದ ಮರುದಿನ ಯಾವುದು ಯಾವುದೆಂದು ಯಾರಿಗೂ ನೆನಪಿರುವುದಿಲ್ಲ. ನೆತ್ತರುಗೊಳವೆ ಎನ್ನಿ. ಗುಂಡಿಗೆಯಿಂದ ಹೊರಡುವುದು ತೊರೆಗೊಳವೆ, ಮರಳಿ ಸೇರುವುದು ಸೇರುಗೊಳವೆ. ಹೆಸರಲ್ಲೇ ಹರಿವು ಯಾವ ಕಡೆಗೆಂದು ಇದೆ.

ವಿ.ಎಚ್.:

‘ಅಪ’ ಎಂದರೆ ಆಚೆಗೆ, ‘ಅಭಿ’ ಎಂದರೆ ಕಡೆಗೆ. ಅಲ್ಲೂ ಹರಿವು ಯಾವ ಕಡೆಗೆಂದು ಇದೆ. ಅವರವರಿಗೆ ತಿಳಿಯದಿದ್ದರೆ ಅದು ಪದದ ತಪ್ಪಲ್ಲ.

ಎಂ.ಎಲ್.:

ಓದುವವರಿಗೆ ತಿಳಿಯದಿದ್ದರೆ ಪದದ್ದೇ ತಪ್ಪು, ಸರ್. ಕನ್ನಡದ ಕಿವಿಗೆ ‘ಅಪ’ ಎಂದರೆ ಅಪಘಾತ, ಅಪಶಕುನ. ಅಪಧಮನಿ ಎಂದರೆ ಕೆಟ್ಟ ಧಮನಿ ಎಂದೇ ಕೇಳಿಸುತ್ತದೆ. ನಿಮ್ಮ ‘ಸೆರೆ’ಗೆ ಬಂದರೆ ಜನ ಜೈಲಿಗೆ ಹೋಗುತ್ತಾರೆ. ಬಿ. ಅವರ ಜೋಡಿ ಕೇಳಲು ಚೆಂದ, ಆದರೆ ನಾಳೆ ಆ ಹಾಳೆ ಓದುವ ತಾಯಿ ಅದನ್ನು ಮೊದಲ ಸಲ ನೋಡುತ್ತಿರುತ್ತಾಳೆ.

ಇನ್ನೊಂದು ಹೊಂಡ ಇದೆ. ಊರಲ್ಲಿ ರಕ್ತನಾಳಕ್ಕೂ ‘ನರ’, ನರ್ವ್‌ಗೂ ‘ನರ’. ಇಂಜೆಕ್ಷನ್ನಿಗೆ ‘ನರ ಸಿಗ್ತಿಲ್ಲ’ ಎನ್ನುವುದು ಕೈಯ ರಕ್ತನಾಳವನ್ನೇ. ತಮಿಳಿನ ‘ನರಂಬು’ವಿನದೂ ಇದೇ ಪಾಡು. ‘ತಲೆಯ ನರ ಮುಚ್ಚುತ್ತೇವೆ’ ಎಂದರೆ ಮಗುವಿಗೆ ಲಕ್ವ ಹೊಡೆಯುತ್ತದೆ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಎಲ್ಲೂ ‘ನರ’ ಬರದ ಹಾಗೆ ನೋಡಿಕೊಳ್ಳಿ.

ಜಿ.ಆರ್.:

ಎಂ.ಎಲ್. ಅವರ ಮಾತು ಸರಿ. ಬಿರಡೆ ಮಾತ್ರ ಕೂಡದು. ಬಿರಡೆಯನ್ನು ಹಾಕಲೂಬಹುದು, ಕೀಳಲೂಬಹುದು. ಇದು ಹಾಗಲ್ಲ.

ತೊಡೆಸಂದಿನ ಅಪಧಮನಿಯಿಂದ (ಹುಟ್ಟಿದ ಮೊದಲ ದಿನಗಳಲ್ಲಾದರೆ ಹೊಕ್ಕುಳಿನಿಂದಲೂ ಆಗುತ್ತದೆ) 4 ಫ್ರೆಂಚ್ ಕ್ಯಾತಿಟರ್ (ಸಪೂರ ಕೊಳವೆ) ಕುತ್ತಿಗೆಯವರೆಗೆ ಏರುತ್ತದೆ. ಇದನ್ನು ‘ಫ್ರಾನ್ಸಿನ ಕೊಳವೆ’ ಮಾಡಬೇಡಿ: 1 ಫ್ರೆಂಚ್ ಎಂದರೆ ಮಿಲಿಮೀಟರಿನ ಮೂರನೇ ಒಂದು ಪಾಲು. ಅದರೊಳಗಿಂದ ಇನ್ನೂ ಸಪೂರದ ಮೈಕ್ರೊಕ್ಯಾತಿಟರ್ ಒಳದಾರಿಯ ಬಾಯಿಯವರೆಗೆ ಹೋಗುತ್ತದೆ. ಒಳದಾರಿ ಮುಚ್ಚಲು ಅದರ ಮೂಲಕ ಬಿಡುವುದು ಗ್ಲೂ, ಅಂದರೆ ಎನ್‌ಬಿಸಿಎ, ಫೆವಿಕ್ವಿಕ್ ಜಾತಿಯದೇ ಸಯನೊಅಕ್ರಿಲೇಟ್. ರಕ್ತ ತಾಗಿದರೂ ಸಲೈನ್ ತಾಗಿದರೂ ಗಟ್ಟಿಯಾಗುತ್ತದೆ. ಅದಕ್ಕೇ ಮೊದಲು 5% ಡೆಕ್ಸ್‌ಟ್ರೋಸ್‌ (ಸಕ್ಕರೆ) ದ್ರಾವಣದಿಂದ ಕೊಳವೆ ತೊಳೆಯುವುದು. ಲಿಪಿಯೊಡಾಲ್ ಎಣ್ಣೆ ಬೆರೆಸುವುದು ಎಕ್ಸ್‌ರೇಯಲ್ಲಿ ಕಾಣಲಿ ಎಂದು. ಎಣ್ಣೆ ಹೆಚ್ಚಿದಷ್ಟೂ ಗಟ್ಟಿಯಾಗುವುದು ತಡ. ತಡವಾದರೆ ಗ್ಲೂ ಹರಿವಿನ ರಭಸಕ್ಕೆ ಸಿರೆ (ಅಭಿಧಮನಿ) ದಾಟಿ ಶ್ವಾಸಕೋಶ ಸೇರುತ್ತದೆ. ಬೇಗನಾದರೆ ಒಳದಾರಿಯ ಬಾಯಿ ತಲುಪದೆ ಹಿಂದೆಯೇ ಹೆಪ್ಪುಗಟ್ಟುತ್ತದೆ, ಹಿಮ್ಮರಳಿ ಒಳ್ಳೆಯ ಅಪಧಮನಿಯನ್ನು ಮುಚ್ಚುತ್ತದೆ, ಇಲ್ಲವೆ ಕೊಳವೆಯ ತುದಿಯೇ ಅಂಟಿಕೊಳ್ಳುತ್ತದೆ. ಇಷ್ಟನ್ನೂ ‘ಬಿರಡೆ’ ನುಂಗಿಹಾಕುತ್ತದೆ.

‘ರಕ್ತನಾಳ ಮುಚ್ಚುವುದು’ ಕೂಡ ಅರೆಬರೆ. ‘ತಪ್ಪು ಒಳದಾರಿಯನ್ನು ಮುಚ್ಚುವುದು’ ಎಂದು ಪೂರ್ತಿ ಬರೆಯಿರಿ. ಏನು ಮುಚ್ಚುತ್ತೀರಿ ಎಂದು ಹೇಳದಿದ್ದರೆ ಸಹಿ ಹಾಕುವವನಿಗೆ ಮಿದುಳಿಗೆ ರಕ್ತ ನಿಲ್ಲಿಸುತ್ತಾರೆ ಎಂದೇ ಕಾಣುತ್ತದೆ.

ಎಸ್.ಕೆ.:

ತುಂಬ ಉಪಕಾರವಾಯಿತು. ಎರಡು ಪ್ರಶ್ನೆ. ‘ಕಂತುಗಳಲ್ಲಿ ಚಿಕಿತ್ಸೆ’ ಎಂದಿದೆ, ಸರಿಯೆ? ‘ಗ್ಲೂ’ವನ್ನು ‘ಅಂಟು’ ಮಾಡಲೆ?

ಎಂ.ಎಲ್.:

ಕಂತು ಎಂದರೆ ದುಡ್ಡು. ‘ಹಂತ ಹಂತವಾಗಿ’ ಎನ್ನಿ. ಅಂಟು ಎಂದರೆ ಅಂಟುರೋಗ ಬೆನ್ನಿಗೇ ಬರುತ್ತದೆ. ‘ಗ್ಲೂ ಎಂಬ ಅಂಟುದ್ರವ’ ಎಂದು ಒಮ್ಮೆ, ಮುಂದೆ ಗ್ಲೂ.

ಜಿ.ಆರ್.:

ಹಂತ ಏಕೆ ಎನ್ನುವುದನ್ನೂ ಒಂದು ಸಾಲು ಹಾಕಿ. ಒಂದೇ ಸಲಕ್ಕೆ ಎಲ್ಲವನ್ನೂ ಮುಚ್ಚಿದರೆ ಹಿಗ್ಗಿದ ಸಿರೆಯಲ್ಲಿ ರಕ್ತ ಒಮ್ಮೆಲೇ ಹೆಪ್ಪುಗಟ್ಟಿ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಮೊದಲ ಸಲದ ಗುರಿ ಹೃದಯದ ಹೊರೆ ಇಳಿಸುವುದಷ್ಟೆ. ಔಷಧಿಯಲ್ಲೇ ಹೃದಯ ತಡೆದುಕೊಂಡರೆ ಸುಮಾರು ಐದು ತಿಂಗಳವರೆಗೆ ಕಾಯುತ್ತಾರೆ. ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಪಿಯರ್ ಲಾಜೋನಿಯಾಸ್ ಮಾಡಿದ 21 ಅಂಕದ ಲೆಕ್ಕ ಇದಕ್ಕೇ: ಹೃದಯ, ಮಿದುಳು, ಉಸಿರಾಟ, ಯಕೃತ್ತು, ಮೂತ್ರಪಿಂಡ ನೋಡಿ ಅಂಕ ಕೊಡುವುದು. 8ರಿಂದ 12 ಬಂದರೆ ತುರ್ತು. 12 ದಾಟಿದರೆ ಕಾಯಬಹುದು. 8ಕ್ಕಿಂತ ಕೆಳಗಾದರೆ ಕೈ ಹಾಕದಿರುವುದೇ ವಾಡಿಕೆ. ‘ಅಂಕ’ ಎಂದು ಬರೆದರೆ ‘ಹೆಚ್ಚು ಬಂದರೆ ಒಳ್ಳೆಯದು’ ಎಂದೂ ಸೇರಿಸಿ. ರೋಗದ ಲೆಕ್ಕದಲ್ಲಿ ಜನ ತಿರುಗುಮುರುಗಾಗಿ ಓದುತ್ತಾರೆ.

‘ತಲೆಯಲ್ಲಿ ನೀರು’ ಎನ್ನುವ ಕಡೆ ಜಲಮಸ್ತಿಷ್ಕ ಹಾಕಬೇಡಿ. ನೀರು ತುಂಬಿತೆಂದು ಮೊದಲೇ ಶಂಟ್ (ನೀರು ಹೊರಹರಿಸುವ ಕೊಳವೆ) ಹಾಕಿಸಲು ಓಡಬಾರದು, ಸಾಮಾನ್ಯವಾಗಿ ಮೊದಲು ಒಳದಾರಿ ಮುಚ್ಚುವುದೇ ಮದ್ದು ಎನ್ನುವುದು ಅವರಿಗೆ ತಿಳಿಯಬೇಕು.

ವಿ.ಎಚ್.:

ಶೀರ್ಷಿಕೆ? ‘ಗೇಲನ್ ಅಭಿಧಮನಿಯ ಅಪರಚನೆ’ ಎಂದೇ ಇರಲಿ. ಗೇಲನ್ ಎರಡನೇ ಶತಮಾನದ ವೈದ್ಯ, ಪರ್ಗಮಮ್ಮಿನವನು.

ಜಿ.ಆರ್.:

ಹೆಸರು ಗೇಲನ್ನಿನದು, ನಾಳ ಅವನದಲ್ಲ. ಹಿಗ್ಗಿರುವುದು ಭ್ರೂಣದಲ್ಲಿ ಸುಮಾರು 11ನೇ ವಾರದ ಹೊತ್ತಿಗೆ ಅಳಿದುಹೋಗಬೇಕಿದ್ದ ಬೇರೊಂದು ಸಿರೆ, ಮಾರ್ಕೋವ್‌ಸ್ಕಿ ಹೆಸರಿನದು. ಹೆಸರನ್ನು ಅನುವಾದಿಸಿ ತಪ್ಪನ್ನೂ ಅನುವಾದಿಸಬೇಡಿ. ‘ವೇನ್ ಆಫ್ ಗೇಲನ್’ ಎಂದು ಹಾಗೇ ಇಡಿ. ಸ್ಕ್ಯಾನ್ ರಿಪೋರ್ಟಿನಲ್ಲಿ ಇರುವುದೂ ಅದೇ.

ಬಿ.:

ಅಂದರೆ ಕೊನೆಗೆ ಇಂಗ್ಲಿಶೇ ಗೆದ್ದಿತು. ಕೊಳವೆ ಎಂಬ ಒಂದು ಕನ್ನಡ ಪದವನ್ನೂ ಉಳಿಸಲಾರದವರು ನುಡಿಯ ಬಗ್ಗೆ ಮಾತಾಡುವುದೇಕೆ?

ಎಂ.ಎಲ್.:

ಒಳದಾರಿ, ತೊಡೆಸಂದು, ಏದುಸಿರು, ಸುಸ್ತು. ಇವುಗಳಲ್ಲಿ ಇಂಗ್ಲಿಷ್ ಯಾವುದು ಹೇಳಿ.

ವಿ.ಎಚ್.:

ಸುಸ್ತು ಪಾರ್ಸಿ.

ಎಸ್.ಕೆ.:

ಜಗಳ ನಾಳಿದ್ದು ಮುಂದುವರಿಯಲಿ. ಹೀಗೆ ಇಟ್ಟಿದ್ದೇನೆ: “ನಿಮ್ಮ ಮಗುವಿನ ಮಿದುಳಿನಲ್ಲಿ ರಕ್ತನಾಳಗಳ ಜೋಡಣೆ ಹುಟ್ಟುವ ಮೊದಲೇ ತಪ್ಪಿದೆ. ಇದಕ್ಕೆ ವೇನ್ ಆಫ್ ಗೇಲನ್ ಮಾಲ್‌ಫಾರ್ಮೇಶನ್ ಎನ್ನುತ್ತಾರೆ. ರಕ್ತ ಸರಿಯಾದ ದಾರಿ ಬಿಟ್ಟು ಒಂದು ಒಳದಾರಿಯಲ್ಲಿ ಹರಿಯುತ್ತಿದೆ. ಆ ತಪ್ಪು ಒಳದಾರಿಯನ್ನು ಗ್ಲೂ ಎಂಬ ಅಂಟುದ್ರವದಿಂದ ಹಂತ ಹಂತವಾಗಿ ಮುಚ್ಚುತ್ತೇವೆ. ಇದೇ ಎಂಬೊಲೈಸೇಶನ್.” ಅಪಧಮನಿ, ಅಭಿಧಮನಿ ಎರಡೂ ಚಿತ್ರದ ಅಡಿಬರಹದಲ್ಲಿ ಮಾತ್ರ, ಕೆಂಪು ನೀಲಿ ಬಣ್ಣದ ಜೊತೆ.

ಜಿ.ಆರ್.:

ಚೆನ್ನಾಗಿದೆ. ಕೊನೆಯ ಪುಟಕ್ಕೆ ಒಂದು ಸಾಲು ಬೇಕು: ಕ್ಯಾತಿಟರ್ ಹಾಕಿದ ಕಾಲು ಇನ್ನೊಂದಕ್ಕಿಂತ ತಣ್ಣಗಾದರೆ, ಬಿಳಿಚಿದರೆ ಅಥವಾ ನೀಲಿಯಾದರೆ ತಕ್ಷಣ ನರ್ಸ್‌ಗೆ ಹೇಳಿ. ಇಷ್ಟು ಚಿಕ್ಕ ಮಗುವಿನ ತೊಡೆಯ ಅಪಧಮನಿ ಬೇಗ ಬಿಗಿದುಕೊಳ್ಳುತ್ತದೆ. ಕರಡಿನಲ್ಲಿ ‘ಪಾದದ ನಾಡಿ ಪರೀಕ್ಷಿಸಲಾಗುವುದು’ ಎಂದಷ್ಟೇ ಇದ್ದರೆ ಯಾರು, ಯಾವಾಗ ಎಂದು ತಾಯಿಗೆ ಗೊತ್ತಾಗುವುದಿಲ್ಲ.