ತಂಗಿಗೆ ಲೂಪಸ್, ಸೋದರಮಾವನಿಗೆ ಉಣ್ಣಿಯ ಅನುಮಾನ

ಸಿಂಧನೂರಿನ ಅಕ್ಕ:
ನನ್ನ ತಂಗಿಗೆ 24 ವರ್ಷ. ಬೆರಳ ಗಂಟು ನೋವು, ಕೆನ್ನೆ ಕೆಂಪು, ಕೂದಲು ಉದುರುವುದು ಎಲ್ಲಾ ಇತ್ತು. ಬಳ್ಳಾರಿಯಲ್ಲಿ ತೋರಿಸಿದಾಗ ಲೂಪಸ್ ಅಂದರು. ಹೈಡ್ರಾಕ್ಸಿಕ್ಲೋರೋಕ್ವಿನ್, ಪ್ರೆಡ್ನಿಸೋಲೋನ್ ಮಾತ್ರೆ ಕೊಟ್ಟಿದ್ದಾರೆ. ನಮ್ಮ ಮನೆಯಲ್ಲಿ ಕುರಿ ಇವೆ. ಸೋದರಮಾವ ಮೊಬೈಲ್ ನೋಡಿ, ಇದು ಉಣ್ಣಿ ಕಚ್ಚಿ ಬರುವ ಲೈಮ್ ರೋಗ, ಈ ಮಾತ್ರೆ ಬಿಡಿಸಿ ಅಂತ ಹಟ ಹಿಡಿದಿದ್ದಾರೆ. ಅಜ್ಜಿ ಅವಳ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು?

ವಾರ್ಡ್ ಸಿಸ್ಟರ್, ಬಳ್ಳಾರಿ:
ಅಕ್ಕಾ, ಮೊದಲು ಆ ತಟ್ಟೆ ಒಳಗೆ ತನ್ನಿ. ಲೂಪಸ್ ಅಂಟುವ ರೋಗವಲ್ಲ. ಮೈಯ ರಕ್ಷಣೆ ಮಾಡಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳುತ್ತದೆ, ಅಷ್ಟೇ.

ಮಾವನಿಗೆ ಅನುಮಾನ ಬಂದಿದ್ದು ತಪ್ಪಲ್ಲ. ಎರಡರಲ್ಲೂ ಗಂಟು ನೋವು, ಸುಸ್ತು ಇರುತ್ತದೆ. ಆದರೆ ಲೈಮ್ ಬರುವುದು ಬೊರೇಲಿಯಾ ಅನ್ನುವ ಬ್ಯಾಕ್ಟೀರಿಯಾದಿಂದ. ಅಮೆರಿಕ, ಯುರೋಪಿನಲ್ಲಿ ಜಾಸ್ತಿ, ನಮ್ಮ ದೇಶದಲ್ಲಿ ಅಪರೂಪ. ಅದಕ್ಕೆ ಡಾಕ್ಸಿಸೈಕ್ಲಿನ್‌ನಂಥ ಔಷಧ ಕೊಡುತ್ತಾರೆ. ಸುಮ್ನೆ ಲ್ಯಾಬಿಗೆ ಹೋಗಿ ಲೈಮ್ ಟೆಸ್ಟ್ ಮಾಡಿಸಬೇಡಿ. ಲೂಪಸ್ ಇದ್ದವರಿಗೆ ಎಲೈಸಾ ಅನ್ನುವ ರಕ್ತ ಪರೀಕ್ಷೆಯಲ್ಲಿ ಸುಳ್ಳು ಪಾಸಿಟಿವ್ ಬರುವುದುಂಟು. ಆಮೇಲೆ ಮಾವನನ್ನು ತಡೆಯುವವರು ಯಾರು?

ಪ್ರೆಡ್ನಿಸೋಲೋನ್ ಸ್ಟಿರಾಯ್ಡ್ ಮಾತ್ರೆ, ಅದನ್ನು ಏಕಾಏಕಿ ನಿಲ್ಲಿಸಲೇಬಾರದು. ಮಾತ್ರೆ ತಗೊಳ್ಳುವಾಗ ಮೈ ತನ್ನ ಸ್ವಂತ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ತಟ್ಟನೆ ಬಿಟ್ಟರೆ ಬಿಪಿ ಇಳಿದು ಜೀವಕ್ಕೇ ತೊಂದರೆ. ಬೆಳಿಗ್ಗೆ ತಿಂಡಿ ಆದಮೇಲೆ ಕೊಡಿ. ಇನ್ನೊಂದು ಮಾತ್ರೆ ದೀರ್ಘಕಾಲ ಬೇಕಾಗುತ್ತದೆ, ಅದಕ್ಕೆ ಶುರುವಿನಲ್ಲೇ ಕಣ್ಣು ಪರೀಕ್ಷೆ ಮಾಡಿಸಿ.

ನಾನು ವಾರ್ಡಿನಲ್ಲಿ ಮೊದಲು ನೋಡುವುದು ಕಾಲು. ಹಿಮ್ಮಡಿ ಗಂಟಿನ ಮೇಲೆ ಹೆಬ್ಬೆರಳಿಂದ ಒತ್ತಿ. ಗುಳಿ ಹಾಗೇ ಉಳಿದರೆ, ಮೂತ್ರದಲ್ಲಿ ನೊರೆ ನಿಂತರೆ, ಬಿಪಿ ಏರಿದರೆ ಕಿಡ್ನಿಗೆ ಪೆಟ್ಟಾಗಿರಬಹುದು, ತಡ ಮಾಡಬೇಡಿ. ನೋವೆಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತರಬೇಡಿ, ಅದೂ ಕಿಡ್ನಿಗೆ ಹೊರೆ. ಜ್ವರ 100.4 ಡಿಗ್ರಿ ದಾಟಿದರೆ ಮನೆಯಲ್ಲಿ ಕಾಯಬೇಡಿ. ಸ್ಟಿರಾಯ್ಡ್ ಸೋಂಕನ್ನು ಮುಚ್ಚಿಡುತ್ತದೆ.

ಬಿಸಿಲಿನ ವಿಷಯ. ನಮ್ಮ ಕಡೆ ಎಲ್ಲರೂ ಏಪ್ರಿಲ್, ಮೇ ಬಗ್ಗೆ ಮಾತ್ರ ಹೆದರುತ್ತಾರೆ. ಲೂಪಸ್ ಕೆರಳಿಸುವುದು ಸೆಕೆಗಿಂತ ಹೆಚ್ಚಾಗಿ ಬಿಸಿಲಿನ ನೇರಳಾತೀತ ಕಿರಣ. ಚಳಿಗಾಲದ ಬಿಸಿಲು ಹಿತ ಅಂತ ಹತ್ತಿ ಬಿಡಿಸಲು ಕಳಿಸಬೇಡಿ. ತುಂಬು ತೋಳು, ಕೊಡೆ, ಎಸ್‌ಪಿಎಫ್ 50 ಕ್ರೀಮ್, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ.

ಕೊಪ್ಪಳದ ಟೀಚರ್:
ನನಗೂ ಲೂಪಸ್ ಇದೆ. ಸಿಸ್ಟರ್ ಹೇಳಿದ್ದೆಲ್ಲ ಸರಿ. ಸುಸ್ತಿನ ಬಗ್ಗೆ ಒಂದು ಮಾತು. ನೋಡೋಕೆ ಚೆನ್ನಾಗೇ ಇರುತ್ತೇವೆ, ಅದಕ್ಕೆ ಸೋಮಾರಿ ಅಂತಾರೆ. ಬೆಳಿಗ್ಗೆ ಗಂಟು ಬಿಗಿದಿರುವಾಗ ರೊಟ್ಟಿ ತಟ್ಟು ಅಂತ ಕೂರಿಸಬೇಡಿ. ಮದುವೆ ಮಾತು ಬಂದರೆ ಮುಚ್ಚಿಡಬೇಡಿ. ರೋಗ ಆರು ತಿಂಗಳಾದರೂ ತಣ್ಣಗಿದ್ದ ಮೇಲೆ ಡಾಕ್ಟರ್ ಕೇಳಿ ಮಗು ಪ್ಲಾನ್ ಮಾಡಬಹುದು.

ಸಿಂಧನೂರಿನ ಅಕ್ಕ:
ಮಾವನಿಗೆ ಓದಿ ಹೇಳಿದೆ. ಮಾತ್ರೆ ಬಿಡಿಸುವ ಮಾತು ನಿಂತಿದೆ. ಆದರೆ ತಂಗಿ ಕುರಿ ಹಟ್ಟಿಗೆ ಹೋಗಬಹುದಾ ಅಂತ ಕೇಳುತ್ತಿದ್ದಾರೆ.

ವಾರ್ಡ್ ಸಿಸ್ಟರ್, ಬಳ್ಳಾರಿ:
ಹೋಗಲಿ, ಸಂಜೆ ಹೊತ್ತು. ಬಂದ ಮೇಲೆ ಮೈ ನೋಡಿಕೊಳ್ಳಲಿ. ಉಣ್ಣಿ ಕಚ್ಚಿದ್ದರೆ ಸೀಮೆಎಣ್ಣೆ ಹಾಕಬೇಡಿ, ಸುಡಬೇಡಿ. ಚಿಮಟದಿಂದ ಚರ್ಮದ ಬುಡದಲ್ಲಿ ಹಿಡಿದು ನೇರ ಎಳೆದು, ಸೋಪಿನಿಂದ ತೊಳೆಯಿರಿ. ಆಮೇಲೆ ಜ್ವರ ಬಂದರೆ ಉಣ್ಣಿ ಕಚ್ಚಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಲೈಮ್ ಅಲ್ಲದಿದ್ದರೂ ಉಣ್ಣಿಯಿಂದ ಬೇರೆ ಜ್ವರಗಳು ಬರುತ್ತವೆ.