ಸಹಾಯ ಬೇಕ್ರಿ: ಮಿನಿ ಡ್ರಾಫ್ಟರ್ ಅಲಗಾಡಾಕತ್ತೈತಿ
ನಮಸ್ಕಾರ್ರಿ ಎಲ್ಲಾರಿಗೂ, ನಾವು ಬಾಗಲಕೋಟಿ ನವನಗರದವರು, ನಮ್ಮ ತಮ್ಮ ಡಿಪ್ಲೊಮಾ ಸಿವಿಲ್ ಸೇರ್ಯಾನ, ಡ್ರಾಯಿಂಗಿಗೆ ಕಾಕಾಂದು ಹಳೇ ಮಿನಿ ಡ್ರಾಫ್ಟರ್ (ಬೋರ್ಡಿಗೆ ಬಿಗದು ನೆಟ್ಟಗ ಗೆರಿ, ಕೋನ ಎಳಿಯೂ ಸಾಧನ) ಕೊಟ್ಟೀವಿ ಆದ್ರ ಅದರ ಕ್ಲ್ಯಾಂಪ್ ಸ್ಕ್ರೂ ಸವದು ಬೋರ್ಡ್ ಬಿಗಿ ಹಿಡೀವಲ್ದು, ಅಡ್ಡಗೆರಿ ಎಡಕ್ಕ ಸರಿ ಇದ್ರ ಬಲಕ್ಕ ಬರೂದ್ರಾಗ 2 ಮಿ.ಮೀ. ಇಳದಿರ್ತೈತಿ. ಎ2 ಶೀಟ್ ಅಂದ್ರ 594 ಮಿ.ಮೀ. ಅಗಲ, ಅಷ್ಟರಾಗ ಇಷ್ಟ್ ಸೊಟ್ಟ ಆದ್ರ ಸರ್ ಬಿಡ್ತಾರೇನ್ರಿ! ಸದ್ಯ ಟಿ-ಸ್ಕ್ವೇರ್ (ಟಿ ಆಕಾರದ ಉದ್ದ ಪಟ್ಟಿ) ಮ್ಯಾಲ ಎರಡೂ ಸೆಟ್ ಸ್ಕ್ವೇರ್ (ತ್ರಿಕೋನ ಪಟ್ಟಿ) ಜೋಡ್ಸಿ 15, 75 ಡಿಗ್ರಿ ಕೋನ ತಗ್ಯಾಕತ್ತಾನ, ಟಿ-ಸ್ಕ್ವೇರ್ ಸರ್ಸಿ ಸರ್ಸಿ ಎಚ್‌ಬಿ ಪೆನ್ಸಿಲ್ ಗೆರಿ ಒರಸಿ ಶೀಟೆಲ್ಲಾ ಕರ್ರಗ. ಅದಕ್ಕಿಂತ ಗಟ್ಟಿ ಸೀಸದ 2ಎಚ್ ಹಿಡಿ ಅಂದ್ರ ಕೇಳಂಗಿಲ್ಲ. ಇಲ್ಲೆ, ಇಲ್ಲಾಂದ್ರ ವಿಜಯಪುರದಾಗ ಸ್ಕ್ರೂ ಕೂಡ್ಸಿಕೊಡೋರು ಅದಾರೇನ್ರಿ? ಕೋರ್ಸ್ ಮುಗದು ಡ್ರಾಫ್ಟರ್ ಅಟ್ಟದ ಮ್ಯಾಲ ಒಗದೋರು ಇದ್ರೂ ಹೇಳ್ರಿ, ರೊಕ್ಕಾ ಕೊಟ್ಟ ತಗೋತೀವಿ.